ಕೊಸರನ್ನೂ ಅಳತೆಗೆ ಸೇರಿಸಿದ ಪ್ರೋಗ್ರಾಮು

ಪವರ್ ಸಪ್ಲೈ ಡಿಸೈನಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: ಯಾವ ಸಾಫ್ಟ್‌ವೇರ್ ಕಲಿತರೆ ಒಳ್ಳೆಯದು ಸಾರ್? ಯಾವುದಾದರೂ ಕಲಿಯಿರಿ ಎನ್ನುತ್ತೇನೆ. ಈ ಮುದುಕನಿಗೆ ಈಗಿನದೇನೂ ಗೊತ್ತಿಲ್ಲ ಎಂದುಕೊಂಡು ಹೋಗುತ್ತಾರೆ. ಅದೂ ಸುಳ್ಳಲ್ಲ. ಈಗ ಪರದೆಯ ಮೇಲೆ ಕೆಪಾಸಿಟರುಗಳ ಉದ್ದನೆಯ ಪಟ್ಟಿ ಇಳಿಯುತ್ತದೆ. ಬೇಕಾದ್ದರ ಮೇಲೆ ಒತ್ತಿದರೆ ಅದರ ಜಾತಕವೆಲ್ಲ ಬಂದು ಕೂರುತ್ತದೆ. ಆ ಜಾತಕ ಬರೆದವರು ಯಾರು, ಯಾವ ಕೆಪಾಸಿಟರನ್ನು ಯಾವ ಸೆಖೆಯಲ್ಲಿ ಅಳೆದು ಬರೆದರು ಎಂದು ಯಾರೂ ಕೇಳುವುದಿಲ್ಲ. ನಾನು ಅಂಥ ಜಾತಕ ಬರೆದವನು. ಅದರಿಂದ ಒಬ್ಬ ಮನುಷ್ಯನಿಗೆ ಏನಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಡುವೆ ಬೇರೆ ಕಥೆಗಳೂ ಬರುತ್ತವೆ, ಸಹಿಸಿಕೊಳ್ಳಿ. ಬಡ್ತಿಗಳ ವಿಷಯ ಮಾತ್ರ ಬರುವುದಿಲ್ಲ. ಅವು ನೆಗಡಿಯ ಹಾಗೆ, ಕಾಲಕಾಲಕ್ಕೆ ಎಲ್ಲರಿಗೂ ಬರುತ್ತವೆ.

ನಾನು ತುಮಕೂರಿನವನು. ಎಂಬತ್ತರ ದಶಕದ ಶುರುವಿನಲ್ಲಿ ವಿಶಾಖಪಟ್ಟಣಕ್ಕೆ ಹೋದೆ. ಗಾಜುವಾಕದ ಹತ್ತಿರ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಕೆಲಸ. ದೊಡ್ಡ ದೊಡ್ಡ ಯಂತ್ರಗಳ ಕಂಟ್ರೋಲ್ ಪ್ಯಾನೆಲ್ಲುಗಳಿಗೆ ಬೇಕಾದ ಪವರ್ ಸಪ್ಲೈಗಳನ್ನು ನಾವು ಮಾಡುತ್ತಿದ್ದೆವು. ಗೋಡೆಯ ಕರೆಂಟನ್ನು ತೆಗೆದುಕೊಂಡು, ಇಳಿಸಿ, ನೇರ ಮಾಡಿ ಪ್ಯಾನೆಲ್ಲಿನ ರಿಲೇಗಳಿಗೆ, ಅಂದರೆ ಯಂತ್ರವನ್ನು ಓಡಿಸಿ ನಿಲ್ಲಿಸುವ ಸ್ವಿಚ್ಚುಗಳಿಗೆ, ಇಪ್ಪತ್ತನಾಲ್ಕು ವೋಲ್ಟ್ ಕೊಡುವ ಪೆಟ್ಟಿಗೆ ಅದು. ಅದರೊಳಗೆ ಡಬ್ಬಿಯಂತೆ ಕೂತಿರುವುದು ಕೆಪಾಸಿಟರ್. ಗಾಜುವಾಕದಲ್ಲಿ ನಾವೆಲ್ಲ ಮನೆಯ ಮುಂದೆ ಡ್ರಮ್ಮು ಇಟ್ಟುಕೊಂಡಿದ್ದೆವು. ನಲ್ಲಿ ನಿಂತರೆ ಡ್ರಮ್ಮಿನ ನೀರು. ಕೆಪಾಸಿಟರಿನ ಕೆಲಸವೂ ಅಷ್ಟೇ. ಹೊರಗೆ ದೊಡ್ಡ ಮೋಟಾರು ಶುರುವಾಗಿ ಕರೆಂಟು ಒಂದು ಗಳಿಗೆ ಕುಸಿದಾಗ, ತನ್ನಲ್ಲಿ ತುಂಬಿಟ್ಟುಕೊಂಡದ್ದನ್ನು ಕೊಟ್ಟು ಅದು ಮಾನ ಕಾಪಾಡಬೇಕು. ಡ್ರಮ್ಮು ಚಿಕ್ಕದಾದರೆ ಸ್ನಾನದ ನಡುವೆ ನೀರು ನಿಂತ ಹಾಗಾಗುತ್ತದೆ. ಡ್ರಮ್ಮಿಗೆ ಲೀಟರಿನ ಲೆಕ್ಕ, ಕೆಪಾಸಿಟರಿಗೆ ಮೈಕ್ರೋಫ್ಯಾರಡಿನ ಲೆಕ್ಕ.

ಡಿಸೈನ್ ವಿಭಾಗದ ಮುಖ್ಯಸ್ಥರು ದೇಸಾಯಿಯವರು, ಧಾರವಾಡದ ಕಡೆಯವರು. ಕಾರ್ಖಾನೆಯಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ಕನ್ನಡ ಕೇಳಿ ಅವರು ನಗುತ್ತಿದ್ದರು, ಅವರದನ್ನು ಕೇಳಿ ನಾನು ಒಳಗೊಳಗೇ ನಗುತ್ತಿದ್ದೆ. ಸೇರಿದ ಹೊಸದರಲ್ಲೇ ನಾನು ಒಂದು ಕೆಪಾಸಿಟರಿಗೆ ತಂತಿಗಳನ್ನು ಅದಲುಬದಲು ಕೊಟ್ಟು ಸ್ವಿಚ್ ಒತ್ತಿದೆ. ಅದು ಸಿಡಿದು, ಒಳಗಿನ ಕಾಗದದ ಚೂರು ಇಡೀ ಲ್ಯಾಬಿನ ತಲೆಯ ಮೇಲೆ ಉದುರಿ, ಮೀನು ಕರಿದಂಥ ವಾಸನೆ ಎದ್ದಿತು. ದೇಸಾಯಿಯವರು ಬಂದು ಅಂಗಿಯ ಮೇಲಿನ ಚೂರು ಕೊಡವಿಕೊಳ್ಳುತ್ತ, "ಮದುವ್ಯಾಗ ಅಕ್ಕಿಕಾಳು ಒಗದಂಗ ಒಗದಿಯಲ್ಲೋ ತಮ್ಮಾ" ಎಂದರು. ಬೇರೆ ಯಾರಾದರೂ ಆಗಿದ್ದರೆ ಮೆಮೊ ಕೊಡುತ್ತಿದ್ದರು. ನಮ್ಮ ಹುಡುಗ ಅಂತ ಬಿಟ್ಟರು. 'ನಮ್ಮ ಹುಡುಗ' ಎನ್ನುವ ಆ ಸಲುಗೆ ಎಷ್ಟು ಬೆಚ್ಚಗಿತ್ತೋ ಮುಂದೆ ಅಷ್ಟೇ ಸುಟ್ಟಿತು.

ಅವರ ಡಿಸೈನ್ ಪದ್ಧತಿ ಹಳೆಯ ಅಡುಗೆಯವರದು, ಕಣ್ಣಳತೆ ಕೈಯಳತೆ. ಒಂದು ಆಂಪಿಯರಿಗೆ ಎರಡು ಸಾವಿರ ಮೈಕ್ರೋಫ್ಯಾರಡ್ ಹಾಕು, ಬಿಸಿಲೂರಾದರೆ ಇನ್ನೊಂದು ಡಬ್ಬಿ ಜಾಸ್ತಿ ಹಾಕು, ದೇವರ ಮೇಲೆ ಭಾರ ಹಾಕು. ಅವರ ಪೆಟ್ಟಿಗೆಗಳು ಕೆಡುತ್ತಿರಲಿಲ್ಲ. ಆದರೆ ಭಾರವಾಗಿರುತ್ತಿದ್ದವು, ದೊಡ್ಡದಾಗಿರುತ್ತಿದ್ದವು, ಟೆಂಡರುಗಳಲ್ಲಿ ಸೋಲುತ್ತಿದ್ದವು. ನನಗೆ ಆ ಪದ್ಧತಿ ಕಂಡರೆ ಅಸಡ್ಡೆ.

ಇನ್ನೊಬ್ಬನನ್ನು ನಿಮಗೆ ಪರಿಚಯಿಸಬೇಕು: ಸೂರಿಬಾಬು. ಹೊರಗಿನಿಂದ ಬಂದ ಬಿಡಿಭಾಗಗಳನ್ನೆಲ್ಲ ಅಳೆದು, ಸರಿಯಿದ್ದರೆ ಒಳಗೆ ಬಿಡುವ ಇನ್‌ಸ್ಪೆಕ್ಷನ್ ವಿಭಾಗ ಅವನದು. ನನ್ನದೇ ವಯಸ್ಸು, ನನ್ನಷ್ಟೇ ಓದು, ನನಗಿಂತ ಎರಡರಷ್ಟು ಬಾಯಿ. ಗಾಜುವಾಕದಲ್ಲಿ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವನು ಅವನು, ತನ್ನ ಎದುರು ಮನೆಯನ್ನೇ. ನಲ್ಲಿಯಲ್ಲಿ ನೀರು ಬಂದರೆ "ಶೇಖರಂ, ನೀಳ್ಳು ವಚ್ಚಾಯಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ನಾನು ಏಳುವಷ್ಟರಲ್ಲಿ ನಮ್ಮ ಡ್ರಮ್ಮಿಗೂ ಪೈಪು ಹಾಕಿರುತ್ತಿದ್ದ. ಅವನ ಹೆಂಡತಿ ಕಾಂತಮ್ಮ ನನ್ನ ಹೆಂಡತಿಗೆ ತೆಲುಗು ಕಲಿಸಿದಳು. ನಾನು ಚಂದ್ರಶೇಖರಯ್ಯ, ಅವನ ಬಾಯಲ್ಲಿ ಶೇಖರಂ ಆಗಿ, ಕೊನೆಗೆ ನನ್ನ ಹೆಂಡತಿಯೂ ಹಾಗೇ ಗೇಲಿ ಮಾಡುವಂತಾಯಿತು.

ಕೆಲವು ವರ್ಷಗಳ ಮೇಲೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ತಂಪು ಕೋಣೆ, ಗರ್ಭಗುಡಿಯ ಹಾಗೆ. ಅದನ್ನು ಮುಟ್ಟುವ ಧೈರ್ಯ ಮಾಡಿದವನು ನಾನು. ಬೇಸಿಕ್ ಭಾಷೆಯಲ್ಲಿ ಪವರ್ ಸಪ್ಲೈ ಡಿಸೈನ್ ಮಾಡುವ ಪ್ರೋಗ್ರಾಮು ಬರೆದೆ. ಎಷ್ಟು ವೋಲ್ಟು, ಎಷ್ಟು ಆಂಪಿಯರು ಎಂದು ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಯಾವುದು, ಕೆಪಾಸಿಟರ್ ಎಷ್ಟು ಎಂದು ಪ್ರಿಂಟರು ಕಿರಗುಟ್ಟುತ್ತ ಅಚ್ಚು ಹಾಕುತ್ತಿತ್ತು. ಉತ್ತರ ದಶಮಾಂಶದ ಮುಂದೆ ಎರಡು ಅಂಕಿಯವರೆಗೆ ಬರುತ್ತಿತ್ತು. ಆ ಎರಡು ಅಂಕಿ ನೋಡಿ ಜನರಲ್ ಮ್ಯಾನೇಜರರಿಂದ ಹಿಡಿದು ಎಲ್ಲರೂ ತಲೆದೂಗಿದರು. ಕರಾರುವಾಕ್ಕು ಎನ್ನುವುದಕ್ಕೂ ಸತ್ಯ ಎನ್ನುವುದಕ್ಕೂ ವ್ಯತ್ಯಾಸವಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಪ್ರೋಗ್ರಾಮಿಗೆ ಕೆಪಾಸಿಟರುಗಳ ಟೇಬಲ್, ಅಂದರೆ ಅಳತೆಯ ಪಟ್ಟಿ, ಬೇಕು. ಕೆಪಾಸಿಟರ್ ಕಂಪನಿಯ ಕ್ಯಾಟಲಾಗು ನೋಡಿದೆ. ಹತ್ತು ಸಾವಿರ ಮೈಕ್ರೋಫ್ಯಾರಡ್ ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಹತ್ತು ಪರ್ಸೆಂಟ್ ಕಡಿಮೆಯೂ ಇರಬಹುದು, ಐವತ್ತು ಪರ್ಸೆಂಟ್ ಹೆಚ್ಚೂ ಇರಬಹುದು ಎಂದಿತ್ತು. ಆ ಕಾಲದಲ್ಲಿ ಎಲ್ಲ ಕಂಪನಿಯವರೂ ಹಾಗೇ ಬರೆಯುತ್ತಿದ್ದರು. ನನಗೆ ನಗು ಬಂತು. ಇದೂ ಒಂದು ಮಾತೇ? ಇಂಥ ಸಡಿಲ ಅಂಕಿಯನ್ನು ನನ್ನ ಪ್ರೋಗ್ರಾಮಿಗೆ ಹಾಕುವುದು ಹೇಗೆ? ನಿಜವಾದ ಅಂಕಿ ಬೇಕು ಎಂದು, ಮಾರಾಟದವನು ತಂದುಕೊಟ್ಟ ಸ್ಯಾಂಪಲ್ಲುಗಳನ್ನು ಎತ್ತಿಕೊಂಡು ಸೂರಿಬಾಬುವಿನ ಹತ್ತಿರ ಹೋದೆ. ಅವನಲ್ಲಿ ಕೆಪಾಸಿಟರ್ ಅಳೆಯುವ ಬ್ರಿಡ್ಜ್ ಎಂಬ ಉಪಕರಣವಿತ್ತು. ಗುಂಡಿ ತಿರುಗಿಸುತ್ತ ಮುಳ್ಳನ್ನು ನಡುವಿಗೆ ತಂದು ಅಂಕಿ ಓದಬೇಕು. ಅವನು ಓದಿದ, ನಾನು ಬರೆದುಕೊಂಡೆ. ಎಲ್ಲವೂ ಹದಿಮೂರು ಸಾವಿರದ ಆಸುಪಾಸು. ಸರಾಸರಿ ತೆಗೆದು ಟೇಬಲ್ಲಿಗೆ ಹಾಕಿದೆ. ಕ್ಯಾಟಲಾಗಿಗಿಂತ ನನ್ನ ಟೇಬಲ್ಲೇ ನಿಖರ ಎಂದು ಹೆಮ್ಮೆಪಟ್ಟೆ.

ನಮ್ಮ ತುಮಕೂರಿನ ಸಂತೆಯಲ್ಲಿ ಅವರೆಕಾಯಿ ಅಳೆದು ಹಾಕಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಕೊಸರು ಮಾರುವವನ ಮರ್ಜಿ. ಇವತ್ತು ಹಾಕಿದ, ನಾಳೆ ಹಾಕದೆ ಇದ್ದರೆ ಜಗಳವಾಡುವ ಹಾಗಿಲ್ಲ. ಸೇರಿನ ಅಳತೆ ಮಾತ್ರ ನಮ್ಮ ಹಕ್ಕು. ಇದು ನಮ್ಮಮ್ಮನಿಗೆ ಗೊತ್ತಿತ್ತು. ಇಂಜಿನಿಯರಾದ ನಾನು ಕೊಸರನ್ನೂ ಸೇರಿನೊಳಗೆ ಸೇರಿಸಿ ಟೇಬಲ್ ಮಾಡಿಬಿಟ್ಟೆ.

ಟೇಬಲ್ಲಿನ ಲೆಕ್ಕದ ಪ್ರಕಾರ, ದೇಸಾಯಿಯವರು ನಾಲ್ಕು ಕೆಪಾಸಿಟರ್ ಹಾಕುತ್ತಿದ್ದ ಜಾಗದಲ್ಲಿ ಮೂರು ಸಾಕಾಯಿತು. ಪೆಟ್ಟಿಗೆ ಹಗುರವಾಯಿತು, ಟೆಂಡರು ನಮಗೆ ಬಂತು. ವಿಜಯವಾಡದಿಂದಾಚೆ, ಇಬ್ರಾಹಿಂಪಟ್ನಂ ದಾರಿಯಲ್ಲಿದ್ದ ಒಂದು ಕಾಗದದ ಕಾರ್ಖಾನೆಗೆ ನಮ್ಮ ಸಪ್ಲೈಗಳು ಹೋದವು. ದೇಸಾಯಿಯವರು ಮೂರು ಡಬ್ಬಿಯ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಹೆಚ್ಚು ಇದ್ದರೆ ಚಲೋ ಇತ್ತೇನೋ ಎಂದರು. ನಾನು ಅಚ್ಚಾದ ಹಾಳೆ ತೋರಿಸಿದೆ. ಅವರು ಪೆಟ್ಟಿಗೆಯನ್ನು ಕೆಳಗಿಟ್ಟರು. ಮುಂದೆ ಅವರೇ ಆ ಪ್ರೋಗ್ರಾಮನ್ನು ಹೆಡ್ ಆಫೀಸಿನವರಿಗೆ ತೋರಿಸಿ ಮೆರೆಸಿದರು. ಬೇರೆ ಡಿಸೈನುಗಳೆಲ್ಲ ಅದರ ಮೇಲೆ ನಿಂತವು.

ಮೊದಲ ಬೇಸಿಗೆಯಲ್ಲೇ ದೂರು ಬಂತು. ಕಾಗದದ ಕಾರ್ಖಾನೆಯಲ್ಲಿ ದೊಡ್ಡ ಪಂಪು ಶುರುವಾದಾಗಲೆಲ್ಲ ನಮ್ಮ ಸಪ್ಲೈ ಒಂದು ಗಳಿಗೆ ಸೋತು, ರಿಲೇಗಳು ಬಿದ್ದು, ಮೆಷೀನು ನಿಂತು, ಓಡುತ್ತಿದ್ದ ಕಾಗದ ಹರಿಯುತ್ತಿತ್ತು. ಹರಿದ ಕಾಗದವನ್ನು ಎಳೆದು ಮತ್ತೆ ಸುರುಳಿಗೆ ಏರಿಸುವುದು ಅಲ್ಲಿನ ಕೆಲಸಗಾರರಿಗೆ ನರಕ. ನಾನು ಹೋಗಿ ನಿಂತಾಗಲೂ ಹರಿಯಿತು. ಅಲ್ಲಿನ ಫೋರ್‌ಮನ್ ನನ್ನನ್ನು ಬಯ್ಯಲಿಲ್ಲ. ಇದೇ ನೋಡಿ ಎನ್ನುವಂತೆ ಕೈ ತೋರಿಸಿದ. ಕೆಟ್ಟ ಸಪ್ಲೈಗಳನ್ನು ಬಿಚ್ಚಿಸಿ ವಿಜಯವಾಡದ ಆಟೋನಗರ್‌ನಲ್ಲಿದ್ದ ನಮ್ಮ ಸರ್ವೀಸ್ ಶೆಡ್ಡಿಗೆ ತಂದು ಕೆಪಾಸಿಟರ್ ಅಳೆದೆ. ಎಂಟೂವರೆ ಸಾವಿರ. ಶೆಡ್ಡಿನ ತಗಡು ಕಾದು ಒಳಗೆ ಕೂರುವುದಕ್ಕಾಗುತ್ತಿರಲಿಲ್ಲ. ಪ್ಯಾನೆಲ್ಲಿನೊಳಗೆ ಅದಕ್ಕಿಂತ ಹೆಚ್ಚು ಸೆಖೆ. ಸೆಖೆಗೆ ಕೆಪಾಸಿಟರಿನ ಒಳಗಿನ ಪಸೆ ಒಣಗುತ್ತದೆ, ಅಳತೆ ಇಳಿಯುತ್ತದೆ. ಇದು ಕ್ಯಾಟಲಾಗಿನಲ್ಲೇ ಇದೆ, ದೇಸಾಯಿಯವರ ಕೈಯಳತೆಯಲ್ಲೂ ಇತ್ತು. ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಇರಲಿಲ್ಲ. ಜೊತೆಗೆ, ನಾವು ಕೊಂಡ ಮಾಲಿಗೆ ಕಂಪನಿಯವರು ಕೊಸರನ್ನೂ ನಿಲ್ಲಿಸಿದ್ದರು. ಹೊಸದಿದ್ದಾಗಲೇ ಅದು ಹತ್ತು ಸಾವಿರಕ್ಕೆ ತುಸು ಕಡಿಮೆ ಇತ್ತು ಎಂದು ಸೂರಿಬಾಬುವೇ ಅಳೆದು ದಾಖಲಿಸಿದ್ದ. ನಿಯಮದ ಪ್ರಕಾರ ಅದು ಪಾಸೇ. ಅವನದು ಏನೇನೂ ತಪ್ಪಿರಲಿಲ್ಲ.

ಅಲ್ಲೇ ಶೆಡ್ಡಿನಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ವಿಶಾಖಪಟ್ಟಣಕ್ಕೆ ಮರಳಿದವನೇ ದೇಸಾಯಿಯವರ ಕೋಣೆಗೆ ಹೋಗಿ, ತಪ್ಪು ನನ್ನ ಟೇಬಲ್ಲಿನದು ಎಂದು ಹೇಳಿದೆ. ಅಷ್ಟರ ಮಟ್ಟಿಗೆ ನಾನು ಸರಿಯಾಗೇ ನಡೆದುಕೊಂಡೆ. ಆ ಪ್ರೋಗ್ರಾಮಿನ ಮೇಲೆ ನಿಂತ ಆರ್ಡರುಗಳು ಎಷ್ಟಿದ್ದವು ಎನ್ನುವುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನೋಡೋಣ ಎಂದಷ್ಟೇ ಹೇಳಿ ಕಳಿಸಿದರು.

ಮರುದಿನ ಜನರಲ್ ಮ್ಯಾನೇಜರರ ಕೋಣೆಯಲ್ಲಿ ಮೀಟಿಂಗು. ಅವರು ತೆಲುಗಿನವರು, ಒರಟು ಮಾತಿನವರು, ಆದರೆ ನ್ಯಾಯವಂತರು. ಮೇಜಿನ ಒಂದು ಕಡೆ ದೇಸಾಯಿಯವರು ಮತ್ತು ನಾನು, ಎದುರಿಗೆ ಸೂರಿಬಾಬು. ಇನ್‌ಸ್ಪೆಕ್ಷನ್ನಿನಲ್ಲಿ ಹತ್ತು ಸಾವಿರದ ಹತ್ತಿರ ಇದ್ದದ್ದು ಎಂಟೂವರೆಗೆ ಹೇಗೆ ಇಳಿಯಿತು, ಸೆಖೆಗೆ ಇಷ್ಟು ಬೇಗ ಇಳಿಯುತ್ತದೆಯೇ ಎಂದು ಮ್ಯಾನೇಜರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ದೇಸಾಯಿಯವರು ಕನ್ನಡದಲ್ಲಿ, ಹವೆಯ ವಿಷಯ ಮಾತಾಡುವವರ ಹಾಗೆ ಮೆಲ್ಲಗೆ ಹೇಳಿದರು: "ಶೇಖರ, ನೀ ನಿನ್ನಿ ಹೇಳಿದ್ದನ್ನ ಇಲ್ಲಿ ತಗೀಬ್ಯಾಡ. ಇನ್‌ಸ್ಪೆಕ್ಷನ್ ಮ್ಯಾಲೆ ಹೋದ್ರ ಹೋಗಲಿ. ಅವಗೇನೂ ಆಗಂಗಿಲ್ಲ, ನಾ ಅದೀನಿ."

"ಆಗ್ಲಿ ಸಾರ್" ಎಂದೆ ನಾನೂ ಕನ್ನಡದಲ್ಲೇ. ಆಮೇಲೆ ಮ್ಯಾನೇಜರರ ಕಡೆ ತಿರುಗಿ, ಇಷ್ಟು ಬೇಗ ಇಷ್ಟು ಇಳಿಯುವುದು ಕಷ್ಟ ಎಂದು ತೆಲುಗಿನಲ್ಲಿ ಹೇಳಿದೆ.

ನಾವಿಬ್ಬರೂ ಹೀಗೆ ನಾಲ್ಕು ಜನರ ನಡುವೆ ಕನ್ನಡವನ್ನು ಪರದೆಯ ಹಾಗೆ ಎಳೆದುಕೊಳ್ಳುವುದು ರೂಢಿಯಾಗಿತ್ತು. ಪರ್ಚೇಸಿನವನ ಹೊಸ ಅಂಗಿ, ಕ್ಯಾಂಟೀನಿನ ಸಾಂಬಾರು, ಎಲ್ಲವನ್ನೂ ಎದುರಿಗೇ ಆಡಿಕೊಂಡು ನಗುತ್ತಿದ್ದೆವು. ಪರಊರಿನಲ್ಲಿ ಇಬ್ಬರು ಕನ್ನಡದವರು ಸಿಕ್ಕರೆ ಮಾಡುವ ಚೇಷ್ಟೆ ಅದು, ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅಮ್ಮನ ಹತ್ತಿರ ಕಲಿತ ಭಾಷೆಯಲ್ಲಿ ಎದುರಿಗೆ ಕೂತ ಗೆಳೆಯನ ಕತ್ತು ಕೊಯ್ಯಬಹುದು ಎಂದು ಅವತ್ತು ಕಲಿತೆ.

ಕಾರಿಡಾರಿಗೆ ಬಂದಾಗ ಸೂರಿಬಾಬು ನನ್ನ ತೋಳು ಹಿಡಿದ. ಕನ್ನಡದ ಮಾತಿನ ನಡುವೆ ಅವನಿಗೆ ಒಂದೇ ಶಬ್ದ ಸಿಕ್ಕಿತ್ತು. "ಏಮಯ್ಯಾ ಶೇಖರಂ, ಇನ್‌ಸ್ಪೆಕ್ಷನ್ ಅನ್ನಾರು ಕದಾ, ಸಾರು ಏಮನ್ನಾರು?" ಸಾರು ಏನಂದರು ಎಂದು ಕೇಳುತ್ತಿದ್ದ. ಅವನ ಮುಖದಲ್ಲಿ ಅನುಮಾನವಿರಲಿಲ್ಲ, ಬರೀ ಗಾಬರಿ. ನಾನು ತಡವರಿಸಲಿಲ್ಲ ಎನ್ನುವುದೇ ಇವತ್ತಿಗೂ ನನ್ನನ್ನು ನಾಚಿಸುತ್ತದೆ. ಇನ್‌ಸ್ಪೆಕ್ಷನ್ನಿನ ಬ್ರಿಡ್ಜನ್ನು ಒಮ್ಮೆ ಪರೀಕ್ಷೆಗೆ ಕಳಿಸಿದರೆ ಒಳ್ಳೆಯದು ಅಂದರು ಎಂದೆ. ಅವನು ಸ್ವಲ್ಪ ಯೋಚಿಸಿ, ನಿಜ, ಬ್ರಿಡ್ಜೇ ಹೆಚ್ಚು ತೋರಿಸುತ್ತಿರಬೇಕು, ಸಾರು ಸರಿಯಾಗೇ ಹಿಡಿದರು ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದೆಯಲ್ಲ, ಇಲ್ಲಿ ಎಮ್ಮೆ ತಾನೇ ಹೋಗಿ ಬೆನ್ನೊಡ್ಡಿತು. ಅವನು ಬ್ರಿಡ್ಜನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ತಾನೇ ಹೈದರಾಬಾದಿಗೆ ಕಳಿಸಿದ. ಅದು ಬರುವತನಕ ದಿನವೂ ನನ್ನ ಜೊತೆ ಬಸ್ಸಿನಲ್ಲಿ ಅದೇ ಮಾತು. ಅಳೆದು ಬಿಟ್ಟ ಹಳೆಯ ಮಾಲೆಲ್ಲ ಏನಾಗಿದೆಯೋ, ಎಲ್ಲೆಲ್ಲಿ ಹೋಗಿದೆಯೋ ಎಂಬ ಚಿಂತೆ. ನಾನು ಸಮಾಧಾನ ಹೇಳುತ್ತಿದ್ದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಸಮಾಧಾನ ಹೇಳುವುದು ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು.

ಬ್ರಿಡ್ಜ್ ವಾಪಸು ಬಂತು. ಅದರಲ್ಲಿ ಯಾವ ದೋಷವೂ ಇಲ್ಲ, ಅಂಕಿಗಳೆಲ್ಲ ಸರಿಯಾಗಿವೆ ಎಂದು ಹೈದರಾಬಾದಿನವರು ಬರೆದಿದ್ದರು. ನನಗೆ ಹಗುರವಾಯಿತು, ಇನ್ನು ಅವನು ತಲೆ ಎತ್ತುತ್ತಾನೆ, ಈ ಮಾತು ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಸೂರಿಬಾಬು ಪೆಟ್ಟಿಗೆಯ ಮುಂದೆ ಕೂತಿದ್ದ. ಬ್ರಿಡ್ಜ್ ಸರಿಯಿದ್ದರೆ ಓದಿದವನು ತಪ್ಪು ತಾನೇ ಎಂದ. ಕಣ್ಣು ಮಂಜಾಗುತ್ತಿದೆ ಅನ್ನಿಸುತ್ತಿತ್ತು, ಕಾಂತಂ ಕೂಡ ಹೇಳುತ್ತಿದ್ದಳು, ನಾನೇ ಅಸಡ್ಡೆ ಮಾಡಿದೆ ಎಂದ.

ಆ ಭಾನುವಾರ ಗಾಜುವಾಕದ ಕನ್ನಡಕದ ಅಂಗಡಿಗೆ ಅವನ ಜೊತೆ ಹೋದವನು ನಾನೇ. ಕಾಂತಮ್ಮ ಕೇಳಿಕೊಂಡಿದ್ದಳು, ಅವರು ಒಬ್ಬರೇ ಹೋದರೆ ಅರ್ಧ ದಾರಿಯಿಂದ ವಾಪಸು ಬರುತ್ತಾರೆ ಎಂದು. ಅಂಗಡಿಯವನು ಗಾಜು ಬದಲಿಸಿ ಬದಲಿಸಿ ಓದಿಸಿದ. ಸೂರಿಬಾಬು ಕೊನೆಯ ಸಾಲಿನವರೆಗೂ ಸಲೀಸಾಗಿ ಓದಿದ. ಆದರೂ ಕಣ್ಣು ನೋಯುತ್ತದೆ, ಕನ್ನಡಕ ಕೊಡಿ ಎಂದು ಹಟ ಮಾಡಿದ. ವ್ಯಾಪಾರ ಬಿಡುವುದೇಕೆ ಎಂದು ಅಂಗಡಿಯವನು ತೀರ ಕಡಿಮೆ ಪವರಿನದೊಂದನ್ನು ಕೊಟ್ಟ. ಹಾಕಿಕೊಂಡು ನನ್ನ ಕಡೆ ತಿರುಗಿ, ಈಗ ಚೆನ್ನಾಗಿ ಕಾಣುತ್ತದೆ ಎಂದ. ನಾನು ಅವನ ಮುಖ ನೋಡಲಾರದೆ ಬೀದಿ ನೋಡಿದೆ. ಹೇಳಬಹುದಾಗಿತ್ತು, ಆ ಅಂಗಡಿಯ ಮೆಟ್ಟಿಲ ಮೇಲೆ. ಹೇಳಲಿಲ್ಲ. ಹೆಡ್ ಆಫೀಸಿನವರು ನನ್ನನ್ನು 'ಕಂಪ್ಯೂಟರ್ ಶೇಖರ್' ಎಂದು ಕರೆಯಲು ಶುರುಮಾಡಿದ್ದ ದಿನಗಳು ಅವು. ನನ್ನ ಹೇಡಿತನಕ್ಕೆ ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಅವಗೇನೂ ಆಗಂಗಿಲ್ಲ ಎಂದಿದ್ದರು ದೇಸಾಯಿಯವರು. ಸೂರಿಬಾಬು ತಾನೇ ಮ್ಯಾನೇಜರರ ಹತ್ತಿರ ಹೋಗಿ ಕಣ್ಣಿನ ವಿಷಯ ಹೇಳಿ ತಪ್ಪೊಪ್ಪಿಕೊಂಡ. ಅದಾದ ಮೇಲೆ ಅವನನ್ನು ಇನ್‌ಸ್ಪೆಕ್ಷನ್ನಿನಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಆಟೋನಗರ್ ಶೆಡ್ಡಿಗೆ ಹಾಕಿದರು. ಮಕ್ಕಳ ಓದಿಗಾಗಿ ಸಂಸಾರ ಗಾಜುವಾಕದಲ್ಲೇ ಉಳಿಯಿತು. ದೇಸಾಯಿಯವರಿಗೂ ಮುಖ ಸಣ್ಣದಾಯಿತು. ಅವರು ಕೆಟ್ಟವರಲ್ಲ, ನನ್ನನ್ನೂ ವಿಭಾಗವನ್ನೂ ಉಳಿಸಹೋಗಿ ಹೀಗಾಯಿತು. ಮುಂದಿನ ವರ್ಷ ಅವರು ನಿವೃತ್ತರಾಗಿ ಧಾರವಾಡಕ್ಕೆ ಹೋದರು. ನೀರು ಬಂದಾಗ ಕಾಂತಮ್ಮನ ಡ್ರಮ್ಮಿಗೆ ಪೈಪು ಹಾಕುವ ಕೆಲಸ ನನ್ನದಾಯಿತು. ಅವಳು ಬೀದಿಯವರ ಮುಂದೆಲ್ಲ ನನ್ನನ್ನು ಹೊಗಳುತ್ತಿದ್ದಳು.

ಟೇಬಲ್ ಸರಿಪಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಕ್ಯಾಟಲಾಗಿನ ತೀರ ಕಡಿಮೆ ಅಂಕಿಯನ್ನು ಹಾಕಿ, ಅದರಲ್ಲೂ ಸೆಖೆಗೆ, ವಯಸ್ಸಿಗೆ ಎಂದು ಕಳೆದು ಲೆಕ್ಕ ಮಾಡಿಸಿದೆ. ಪ್ರೋಗ್ರಾಮು ಮೂರರ ಬದಲು ನಾಲ್ಕು ಕೇಳಿತು, ದೇಸಾಯಿಯವರ ಕೈಯಳತೆಗೆ ಸರಿಯಾಗಿ. ಇದನ್ನು ನಾನು 'ಬಿಸಿಲು ಪ್ರದೇಶದ ಸುಧಾರಣೆ' ಎಂದು ಕರೆದೆ. ಅದಕ್ಕೂ ಮೆಚ್ಚುಗೆ ಬಂತು. ವಿಜಯವಾಡದ ಕಡೆಯ ಸಪ್ಲೈಗಳಿಗೆಲ್ಲ ನಾಲ್ಕನೆಯ ಕೆಪಾಸಿಟರ್ ಕೂರಿಸುವ ಕೆಲಸ ಆಟೋನಗರ್ ಶೆಡ್ಡಿಗೆ ಬಿತ್ತು. ಅಂದರೆ ಸೂರಿಬಾಬುವಿಗೆ.

ತೊಂಬತ್ತರ ದಶಕ ಶುರುವಾಗಿತ್ತು. ಒಮ್ಮೆ ಕೆಲಸದ ಮೇಲೆ ವಿಜಯವಾಡಕ್ಕೆ ಹೋದಾಗ ಶೆಡ್ಡಿಗೆ ಹೋದೆ. ಸುತ್ತ ಲಾರಿಗಳ ಬಾಡಿ ಬಡಿಯುವ ಸದ್ದು. ಸೂರಿಬಾಬು ಕನ್ನಡಕ ಹಾಕಿಕೊಂಡು ಒಂದು ಸಪ್ಲೈಗೆ ನಾಲ್ಕನೆಯ ಕೆಪಾಸಿಟರಿನ ಕ್ಲಾಂಪಿಗೆ ರಂಧ್ರ ಕೊರೆಯುತ್ತಿದ್ದ. ಹಳೆಯ ಸಲುಗೆಯಲ್ಲೇ ಕೂರಿಸಿ, ಚಹಾ ತರಿಸಿ, ಮನೆಯವರ ಕ್ಷೇಮ ಕೇಳಿದ. ಆಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದೆ ಎಂದು ಶುರುಮಾಡಿದ. ನಾನು ಪಾಸು ಮಾಡಿದ ಮಾಲು ಕೆಟ್ಟದ್ದಾಗಿದ್ದರೆ ಒಳ್ಳೆಯ ಮೂರು ಹಾಕಿದರೆ ಸಾಕಲ್ಲ, ನಾಲ್ಕು ಯಾಕೆ?

ವಿಜಯವಾಡದ ಬಿಸಿಲು ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವನ ಕೈಯಲ್ಲಿದ್ದ ಡ್ರಿಲ್ಲು ನೋಡಿದೆ. ನನ್ನ ತಪ್ಪಿಗೆ ಅವನು ರಂಧ್ರ ಕೊರೆಯುತ್ತಿದ್ದ. ಎಲ್ಲವನ್ನೂ ಹೇಳಿಬಿಟ್ಟೆ. ಟೇಬಲ್ಲು, ಕೊಸರು, ಮೀಟಿಂಗಿನಲ್ಲಿ ದೇಸಾಯಿಯವರು ಕನ್ನಡದಲ್ಲಿ ಹೇಳಿದ್ದು, ನಾನು ಕಾರಿಡಾರಿನಲ್ಲಿ ಅದನ್ನು ತಿರುಚಿ ಹೇಳಿದ್ದು. ಮುಗಿದ ಮೇಲೆ ಅವನು ಕೇಳಿದ್ದು ಒಂದೇ. "ಕನ್ನಡಕದ ಅಂಗಡಿಗೆ ಬಂದಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಅವನು ಬಯ್ದಿದ್ದರೆ, ಒಂದು ಏಟು ಹಾಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಡ್ರಿಲ್ಲು ಎತ್ತಿಕೊಂಡು ಮತ್ತೆ ರಂಧ್ರ ಕೊರೆಯಲು ಶುರುಮಾಡಿದ. ಸಂಜೆ ತನ್ನ ಸ್ಕೂಟರಿನಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಟ್ಟ.

ಮರಳಿದ ಮೇಲೆ ಜನರಲ್ ಮ್ಯಾನೇಜರರ ಹತ್ತಿರ ಹೋಗಿ ಅವರಿಗೂ ಹೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ನೀನು ಆವತ್ತು ಹೇಳಿದ್ದರೆ ಕಂಪನಿಗೆ ಒಂದು ವಾರದ ತಲೆನೋವು, ಅಷ್ಟೇ ಎಂದರು. ಸೂರಿಬಾಬುವನ್ನು ಮತ್ತೆ ಇನ್‌ಸ್ಪೆಕ್ಷನ್ನಿಗೆ ಕರೆಸಿದರು. ನನಗೆ ಶಿಕ್ಷೆಯಾಗಲಿಲ್ಲ. ಕಾಂತಮ್ಮ ಆಮೇಲೆ ನನ್ನನ್ನು ಕಂಡರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು, ತಪ್ಪು ತಾನು ಮಾಡಿದವಳ ಹಾಗೆ. ಕೊನೆಗೆ ನಾವೇ ಆ ಮನೆ ಬಿಟ್ಟು ಬೇರೆ ಕಡೆ ಹೋದೆವು.

ಅಷ್ಟು ಹೊತ್ತಿಗೆ ನನ್ನ ಬೇಸಿಕ್ ಪ್ರೋಗ್ರಾಮು ಮೂಲೆ ಸೇರಿತ್ತು. ಹೊರದೇಶದ ಸಾಫ್ಟ್‌ವೇರ್ ಬಂತು, ಬಣ್ಣಬಣ್ಣದ ಪರದೆ, ಅದರೊಳಗೇ ನೂರಾರು ಕೆಪಾಸಿಟರುಗಳು. ಮಾರಲು ಬಂದ ಹುಡುಗನಿಗೆ, ಈ ಅಂಕಿಗಳು ಹೊಸ ಕೆಪಾಸಿಟರಿನವೋ, ಐದು ವರ್ಷ ಸೆಖೆ ತಿಂದದ್ದರವೋ ಎಂದು ಕೇಳಿದೆ. ಅವನು ಟೈ ಸರಿಮಾಡಿಕೊಂಡು, ಇದು ಜಗತ್ತೆಲ್ಲ ಬಳಸುವ ಸಾಫ್ಟ್‌ವೇರ್ ಸಾರ್ ಎಂದ. ನಾನೂ ಒಂದು ಕಾಲಕ್ಕೆ ಅಚ್ಚಾದ ಹಾಳೆ ತೋರಿಸಿ ದೇಸಾಯಿಯವರ ಬಾಯಿ ಮುಚ್ಚಿಸಿದ್ದವನೇ. ನೀವೂ ಕೇಳಿ, ಬೇಸರವಿಲ್ಲದೆ ಕೇಳಿ. ಉತ್ತರ ಸಿಗದಿದ್ದರೆ ಒಂದು ಡಬ್ಬಿ ಜಾಸ್ತಿ ಹಾಕಿ.

ಸೂರಿಬಾಬು ಹಳೆಯ ಕುರ್ಚಿಗೆ ಬಂದನಲ್ಲ, ಕಥೆ ಸುಖವಾಗಿ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಅವನ ಮೇಜಿನ ಮೇಲೆ ಮಾಲು ರಾಶಿ ಬೀಳತೊಡಗಿತು. ಒಂದೇ ಕೆಪಾಸಿಟರನ್ನು ಅಳೆಯುತ್ತಾನೆ, ತೆಗೆಯುತ್ತಾನೆ, ಮತ್ತೆ ಅಳೆಯುತ್ತಾನೆ. ಅಸೆಂಬ್ಲಿಯವರು ರೇಗಿದರು, ಹುಡುಗರು ಹಿಂದಿನಿಂದ ನಕ್ಕರು. ಕಣ್ಣು ಸರಿಯಿದೆ ಎಂದು ಗೊತ್ತಾದ ಮೇಲೂ ಕನ್ನಡಕ ತೆಗೆಯಲಿಲ್ಲ. ಬೀದಿಗೆ ಕೇಳುವಂತೆ ಕೂಗುತ್ತಿದ್ದ ಬಾಯಿ ಈಗ ಅಂಕಿಯನ್ನು ಪಿಸುಗುಟ್ಟುತ್ತಿತ್ತು.

ಒಂದು ಮಧ್ಯಾಹ್ನ ಏನೋ ಕೆಲಸಕ್ಕೆ ಅವನ ವಿಭಾಗಕ್ಕೆ ಹೋದೆ. ಬ್ರಿಡ್ಜಿನ ಮುಂದೆ ಕೂತಿದ್ದ. ನನ್ನನ್ನು ಕಂಡು, ಎಷ್ಟೋ ದಿನಗಳ ಮೇಲೆ ಹಳೆಯ ದನಿಯಲ್ಲಿ, "ಶೇಖರಂ, ನುವ್ವೊಕಸಾರಿ ಚೂಡು" ಎಂದ. ನೀನೊಮ್ಮೆ ನೋಡು ಎನ್ನುತ್ತಿದ್ದ. ನನಗೆ ಕಣ್ಣು ತುಂಬಿ ಬಂತು; ಕ್ಷಮಿಸಿದ ಎಂದುಕೊಂಡೆ. ಬಗ್ಗಿ ನೋಡಿದೆ. ಮುಳ್ಳು ನಡುವಿನಲ್ಲಿ ನೆಟ್ಟಗೆ ನಿಂತಿತ್ತು. ಅವನು ಓದಿದ ಅಂಕಿ ಸರಿಯಾಗೇ ಇತ್ತು, ಹಾಗೇ ಹೇಳಿದೆ.

"ನಿಜಂಗಾನಾ?" ಎಂದ. ಚುಚ್ಚಿ ಕೇಳಿದ್ದಲ್ಲ. ಅವನಿಗೆ ಪಾಪ, ನಿಜವಾಗಿಯೂ ತಿಳಿಯಬೇಕಾಗಿತ್ತು.

"ನಿಜ" ಎಂದೆ.

ಅವನು ತಲೆಯಾಡಿಸಿ ನನ್ನ ಮುಖವನ್ನೇ ನೋಡಿದ. ಆಮೇಲೆ ಪಕ್ಕದ ಮೇಜಿನಲ್ಲಿ ಹೊಸದಾಗಿ ಸೇರಿದ್ದ ಹುಡುಗಿಯನ್ನು ಕರೆದು, ನೀನೂ ಒಮ್ಮೆ ನೋಡಮ್ಮ ಎಂದ.